ರಾವೀ ತೀರದ ಹೊರನಾಡ ವೈದ್ಯ: ಹೋನಿಗ್‌ಬರ್ಗರನ ಗ್ರಂಥದ ವಿಮರ್ಶೆ

ಭಾರತದಲ್ಲಿ ಹೋಮಿಯೋಪತಿ ಚಿಕಿತ್ಸೆಯ ಚರಿತ್ರೆಯನ್ನು ಬರೆಯುವವರು ಪ್ರಾಯಶಃ ಒಂದೇ ದೃಶ್ಯದಿಂದ ಆರಂಭಿಸುವುದು ವಾಡಿಕೆಯಾಗಿದೆ. ೧೮೩೯ನೆಯ ಇಸವಿ, ಲಾಹೋರಿನ ಅರಮನೆ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡು, ಕಾಲು ಬಾತು ಮಲಗಿರುವ ಮಹಾರಾಜ ರಣಜಿತ್ ಸಿಂಗ್, ಅವನ ಮುಂದೆ ಟ್ರಾನ್ಸಿಲ್ವೇನಿಯದಿಂದ ಬಂದ ಒಬ್ಬ ವೈದ್ಯ, ಅವನ ಕೈಯಲ್ಲಿ ಡಲ್ಕಮಾರವೆಂಬ ಮೂಲಿಕೆಯ ಅರಕದ ಕೆಲವು ತೊಟ್ಟು. ರಾಜನಿಗೆ ಗುಣವಾಯಿತು, ಅಂದೇ ಹೊಸದೊಂದು ವೈದ್ಯಪದ್ಧತಿ ಈ ದೇಶದಲ್ಲಿ ಕಾಲೂರಿತು ಎಂದು ಕಥೆ. ಈ ಕಥೆಗೆ ಮೂಲಾಧಾರವಾದ ಗ್ರಂಥವೊಂದುಂಟು. ಕಥೆಯನ್ನು ಹೇಳುವವರಲ್ಲಿ ಆ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ವಿರಳವೆಂದು ನಮಗೆ ತೋರುತ್ತದೆ. ಓದಿದವರಾದರೂ ಅದರ ಮೊದಲ ಭಾಗದ ಸಾಹಸಗಳನ್ನೂ ಸಿಖ್ ದರಬಾರಿನ ಚಿತ್ರಪಟಗಳನ್ನೂ ನೋಡಿ ಪುಸ್ತಕವನ್ನು ಮುಚ್ಚಿರಬೇಕು. ಗ್ರಂಥಕರ್ತನ ನಿಜವಾದ ಯೋಗ್ಯತೆ ಎರಡನೆಯ ಭಾಗದಲ್ಲಿದೆ ಎಂಬುದೇ ಪ್ರಸ್ತುತ ಲೇಖನದಲ್ಲಿ ನಾವು ನಿರೂಪಿಸಲೆಳಸುವ ವಿಷಯ.

ಗ್ರಂಥದ ಹೆಸರು ‘ಥರ್ಟಿಫೈವ್ ಇಯರ್ಸ್ ಇನ್ ದಿ ಈಸ್ಟ್’, ಎಂದರೆ ಪೂರ್ವದೇಶಗಳಲ್ಲಿ ಮೂವತ್ತೈದು ವರ್ಷ. ಇದು ಲಂಡನ್ನಿನಲ್ಲಿ ೧೮೫೨ರಲ್ಲಿ ಅಚ್ಚಾಯಿತು. ಕರ್ತೃ ಯೋಹಾನ್ ಮಾರ್ಟಿನ್ ಹೋನಿಗ್‌ಬರ್ಗರ್. ಅಂದಿನ ಪದ್ಧತಿಯಂತೆ ಮುಖಪುಟದ ಹೆಸರು ಬಹು ಉದ್ದ. ಪಂಜಾಬ್ ಮತ್ತು ಕಾಶ್ಮೀರಗಳಿಗೆ ಸಂಬಂಧಿಸಿದ ಸಾಹಸಗಳು, ಶೋಧನೆಗಳು, ಪ್ರಯೋಗಗಳು, ಚಾರಿತ್ರಿಕ ಚಿತ್ರಗಳು. ಅವುಗಳೊಡನೆ ಒಂದು ಸ್ವತಂತ್ರ ದ್ರವ್ಯಗುಣಸಂಗ್ರಹ. ಕೊನೆಗೆ ನಾಲ್ಕು ಯೂರೋಪೀಯ ಭಾಷೆಗಳೂ ಐದು ಪ್ರಾಚ್ಯಭಾಷೆಗಳೂ ಕೂಡಿದ ಒಂದು ವೈದ್ಯಕೋಶ. ಹೀಗೆ ಒಂದೇ ಪುಸ್ತಕದ ರಟ್ಟಿನೊಳಗೆ ಎರಡು ಪುಸ್ತಕಗಳಿವೆ. ಒಂದನ್ನು ಲೋಕ ಓದಿತು, ಇನ್ನೊಂದನ್ನು ಬಿಟ್ಟಿತು.

ಗ್ರಂಥಕರ್ತನ ಜೀವಿತವನ್ನು ಸಂಗ್ರಹವಾಗಿ ಹೇಳಬಹುದು. ಈತನು ೧೭೯೫ರಲ್ಲಿ ಟ್ರಾನ್ಸಿಲ್ವೇನಿಯದ ಕ್ರೋನ್‌ಸ್ಟಾಟ್ ಪಟ್ಟಣದಲ್ಲಿ ಹುಟ್ಟಿದನು. ಆ ಪಟ್ಟಣ ಇಂದು ರುಮೇನಿಯದ ಬ್ರಾಶೋವ್. ವೃತ್ತಿಯನ್ನು ಔಷಧಶಾಲೆಯಲ್ಲಿ ಕಲಿತವನು. ೧೮೧೫ರಲ್ಲಿ ಮನೆ ಬಿಟ್ಟು ಕಾನ್‌ಸ್ಟಾಂಟಿನೋಪಲ್, ಸಿರಿಯ, ಈಜಿಪ್ಟ್, ಬಾಗ್ದಾದುಗಳಲ್ಲಿ ಅಲೆದು, ೧೮೨೯ರಲ್ಲಿ ಲಾಹೋರನ್ನು ಸೇರಿದನು. ರಣಜಿತ್ ಸಿಂಗನ ಸೈನ್ಯದಲ್ಲಿ ಅಲಾರ್, ವೆಂಚುರಾ, ಅವಿತಾಬಿಲೆ, ಕೋರ್ ಮೊದಲಾದ ಯೂರೋಪೀಯ ಅಧಿಕಾರಿಗಳು ಆ ವೇಳೆಗಾಗಲೇ ನೆಲೆಸಿದ್ದರು. ಹೊಸಬನಿಗೆ ಅವರ ಆಶ್ರಯ ದೊರೆಯಿತು. ಮಹಾರಾಜನು ಈತನಿಗೆ ವಹಿಸಿದ ಕೆಲಸಗಳಲ್ಲಿ ಮದ್ದಿನ ಕಾರ್ಖಾನೆಯ ಮೇಲ್ವಿಚಾರಣೆಯೂ ಒಂದು. (ನಮ್ಮ ಭಾಷೆಯಲ್ಲಿ ಔಷಧಕ್ಕೂ ಸಿಡಿಪುಡಿಗೂ ಮದ್ದು ಎಂಬ ಒಂದೇ ಮಾತು ಇರುವುದರಿಂದ, ಇದು ಕೋವಿಯ ಮದ್ದು ಎಂದು ಬಿಡಿಸಿ ಹೇಳಬೇಕಾಗಿದೆ.) ನಾಲ್ಕಾರು ವರ್ಷಗಳ ಮೇಲೆ ಆಫ್‌ಘಾನಿಸ್ತಾನ, ಬುಖಾರ, ರಷ್ಯಗಳ ಮಾರ್ಗವಾಗಿ ಯೂರೋಪಿಗೆ ಹಿಂದಿರುಗಿದನು, ೧೮೩೯ರಲ್ಲಿ ಮತ್ತೆ ಲಾಹೋರಿಗೆ ಬಂದನು, ೧೮೪೯ರಲ್ಲಿ ಪಂಜಾಬ್ ಇಂಗ್ಲಿಷರ ವಶವಾಗುವವರೆಗಿನ ಕೋಲಾಹಲವನ್ನೆಲ್ಲ ಅಲ್ಲಿಂದಲೇ ಕಂಡನು, ೧೮೬೯ರಲ್ಲಿ ಹುಟ್ಟೂರಿನಲ್ಲಿ ತೀರಿಕೊಂಡನು.

ಈಗ ನಗರದ ಮಾತು. ಲಾಹೋರ್ ರಾವೀ ನದಿಯ ನಗರ. ಮೊಗಲರ ಉಚ್ಛ್ರಾಯಕಾಲದಲ್ಲಿ ನದಿ ಕೋಟೆಯ ಗೋಡೆಗೆ ತಾಗಿದಂತೆ ಹರಿಯುತ್ತಿತ್ತು. ಔರಂಗಜೇಬನ ಆಳ್ವಿಕೆಯಲ್ಲಿ ಪ್ರವಾಹದಿಂದ ನಗರವನ್ನು ಕಾಯಲು ಏರಿಯನ್ನು ಹಾಕಿಸಬೇಕಾಯಿತು. ಅನಂತರ ನದಿಯೇ ಮೆಲ್ಲಮೆಲ್ಲನೆ ದೂರ ಸರಿದು, ರಣಜಿತ್ ಸಿಂಗನ ಕಾಲಕ್ಕೆ ಹಳೆಯ ಪಾತ್ರದ ತಗ್ಗನ್ನು ಮಾತ್ರ ಕೋಟೆಯ ಬಳಿ ಉಳಿಸಿತ್ತು. ಮಳೆಗಾಲ ಕಳೆಯುತ್ತಲೂ ಚಳಿಜ್ವರ ಬರುವ ನೆಲವದು. ಕಾಬೂಲು, ಕಾಶ್ಮೀರ, ಸಿಂಧು, ದಿಲ್ಲಿಗಳ ದಾರಿಗಳು ಕೂಡುವ ಸ್ಥಳವಾದುದರಿಂದ ಅಲ್ಲಿಯ ಅತ್ತಾರರ ಅಂಗಡಿಗಳಲ್ಲಿ, ಎಂದರೆ ನಮ್ಮ ಕಡೆಯ ಗ್ರಂಥಿಗೆ ಅಂಗಡಿಗಳಂಥವುಗಳಲ್ಲಿ, ನಾಲ್ಕೂ ದಿಕ್ಕಿನ ಮೂಲಿಕೆಗಳು ಸಿಕ್ಕುತ್ತಿದ್ದುವು. ಯುನಾನಿ ಹಕೀಮರು, ಆಯುರ್ವೇದದ ವೈದ್ಯರು, ಗಾಯಕ್ಕೂ ಹುಣ್ಣಿಗೂ ಕೈಹಾಕುವ ಜರ್ರಾಹರು, ಎಲ್ಲರೂ ಅಲ್ಲಿದ್ದರು. ಇದು ವೈದ್ಯರಿಲ್ಲದ ಊರಾಗಿರಲಿಲ್ಲ. ಈ ಒಂದು ಸಂಗತಿಯನ್ನು ಮರೆತರೆ ಮುಂದಿನ ಎಲ್ಲ ತೀರ್ಮಾನವೂ ತಪ್ಪಾಗುತ್ತದೆ.

ವೈದ್ಯರಿದ್ದುದಷ್ಟೇ ಅಲ್ಲ, ಆ ರಾಜ್ಯದಲ್ಲಿ ವೈದ್ಯರೇ ಮಂತ್ರಿಗಳಾಗಿದ್ದರು. ಫಕೀರ್ ಅಜೀಜುದ್ದೀನನು ಲಾಹೋರಿನ ಪ್ರಸಿದ್ಧ ವೈದ್ಯನಾದ ಹಕೀಮ್ ರಾಯನ ಶಿಷ್ಯ. ತರುಣ ರಣಜಿತ್ ಸಿಂಗನ ಕಣ್ಣಿನ ಬೇನೆಗೆ ಉಪಚಾರ ಮಾಡುವ ನಿಮಿತ್ತದಿಂದಲೇ ಈತನಿಗೆ ಅರಮನೆಯ ಬಾಗಿಲು ತೆರೆಯಿತು. ಮುಂದೆ ಈತನು ಪರರಾಜ್ಯ ವ್ಯವಹಾರಗಳಲ್ಲಿ ಮಹಾರಾಜನ ನಾಲಗೆಯಾದನು. ಆತನ ತಮ್ಮ ನೂರುದ್ದೀನನೂ ವೈದ್ಯನೇ. ಅರಮನೆಯ ಔಷಧಗಳ ಹೊಣೆ, ನಗರದಲ್ಲಿ ದೀನರಿಗೆ ಔಷಧ ಕೊಡಿಸುವ ಹೊಣೆ ಆತನವು. ಆ ಮನೆತನದ ಸಂಗ್ರಹ ಇಂದಿಗೂ ಲಾಹೋರಿನ ಭಾಟಿ ದರವಾಜೆಯೊಳಗೆ ‘ಫಕೀರ್ ಖಾನಾ’ ಎಂಬ ಹೆಸರಿನಿಂದ ಇದೆ. ಹೋನಿಗ್‌ಬರ್ಗರನು ಬಂದುದು ಇಂಥ ಸಭೆಗೆ. ತಾನು ಕೊಡುವ ಔಷಧವನ್ನು ಅರ್ಥಮಾಡಿಕೊಳ್ಳಬಲ್ಲ, ಬೇಕಾದರೆ ತಡೆಯಬಲ್ಲ ಪರೀಕ್ಷಕರು ಸಿಂಹಾಸನದ ಬಲಗಡೆಯಲ್ಲಿಯೇ ಕುಳಿತಿದ್ದರು. ಯೂರೋಪೀಯ ಚಿಕಿತ್ಸೆಯೂ ಅಲ್ಲಿ ಹೊಸದಲ್ಲ. ೧೮೨೬-೨೭ರಲ್ಲಿ ಲುಧಿಯಾನದಿಂದ ಡಾಕ್ಟರ್ ಮರ್ರೆ ಬಂದಿದ್ದನು. ಮುಂದೆ ಡಾಕ್ಟರ್ ಮೆಕ್‌ಗ್ರೆಗರನು ಪಾರ್ಶ್ವವಾಯುವಿಗೆ ವಿದ್ಯುತ್ ಯಂತ್ರವನ್ನು ಹಿಡಿದು ನೋಡಿದ್ದನು. ಮಹಾರಾಜನು ಎಲ್ಲರಿಂದಲೂ ಔಷಧವನ್ನು ಕೇಳುವವನು, ಎಲ್ಲರದನ್ನೂ ಸೇವಿಸುವವನಲ್ಲ.

ಇನ್ನು ೧೮೩೯ರ ಆ ಪ್ರಸಿದ್ಧ ಚಿಕಿತ್ಸೆಯನ್ನು ಪರಿಶೀಲಿಸೋಣ. ರಣಜಿತ್ ಸಿಂಗನಿಗೆ ೧೮೩೪ರಲ್ಲಿಯೇ ಪಾರ್ಶ್ವವಾಯು ಬಲವಾಗಿ ಬಡಿದಿತ್ತು. ೧೮೩೮ರ ಡಿಸೆಂಬರಿನಲ್ಲಿ, ಗವರ್ನರ್ ಜನರಲ್ ಆಕ್ಲೆಂಡನ ಭೇಟಿಯ ಸಂಭ್ರಮದಲ್ಲಿ, ಅದು ಮರುಕಳಿಸಿ ಮಾತು ನಿಂತಿತು. ಹೋನಿಗ್‌ಬರ್ಗರನು ಹಿಂದಿರುಗಿ ಬಂದುದು ಇದಾದ ಮೇಲೆ. ರಣಜಿತ್ ಸಿಂಗನು ತೀರಿಕೊಂಡುದು ೧೮೩೯ರ ಜೂನ್ ೨೭ರಂದು. ಹೀಗಿರಲು ಯಾವ ಗುಣವನ್ನು ಕುರಿತು ನಾವು ಮಾತನಾಡುತ್ತಿದ್ದೇವೆ? ಕೆಲವು ದಿನಗಳ ಉಪಶಮನ ಉಂಟಾಗಿರಬಹುದು. ಪಾರ್ಶ್ವವಾಯುವಿನ ರೋಗಿಗೆ ತಾನಾಗಿಯೇ ಸ್ವಲ್ಪ ಚೇತರಿಕೆ ಬರುವುದೂ ಉಂಟು. ಆದರೆ ಚಿಕಿತ್ಸೆ ಆರಂಭವಾದ ಕೆಲವೇ ತಿಂಗಳಲ್ಲಿ ರೋಗಿ ಮೃತನಾದ ಪ್ರಸಂಗವನ್ನು ಒಂದು ವೈದ್ಯಪದ್ಧತಿಯ ವಿಜಯವೆಂದು ಶಿಲಾಶಾಸನದಂತೆ ಎತ್ತಿಹಿಡಿಯುವುದು ಚರಿತ್ರಕಾರರಿಗೆ ಒಪ್ಪತಕ್ಕ ರೀತಿಯಲ್ಲ. ಇದರಲ್ಲಿ ಹೋನಿಗ್‌ಬರ್ಗರನ ತಪ್ಪಿಗಿಂತ, ಅವನ ಪುಸ್ತಕದಿಂದ ತಮಗೆ ಬೇಕಾದ ಹಾಳೆಯನ್ನು ಮಾತ್ರ ಕಿತ್ತುಕೊಂಡ ಮುಂದಿನವರ ತಪ್ಪೇ ಹೆಚ್ಚು.

ಡಲ್ಕಮಾರವನ್ನು ಕುರಿತು ಇನ್ನೊಂದು ಮಾತನ್ನು ಹೇಳಬೇಕು. ಇದುವರೆಗಿನ ಬರಹಗಳಲ್ಲಿ ಇದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಡಲ್ಕಮಾರವು ಯೂರೋಪಿನ ಬೇಲಿಗಳಲ್ಲಿ ಹಬ್ಬುವ ಬಳ್ಳಿ, ಸೊಲಾನಮ್ ಎಂಬ ಕುಲಕ್ಕೆ ಸೇರಿದ್ದು. ಅದೇ ಕುಲದ ಹತ್ತಿರದ ಬಂಧುವಾದ ಸೊಲಾನಮ್ ನೈಗ್ರಮ್ ಎಂಬ ಗಿಡ ನಮ್ಮ ಹಿತ್ತಿಲುಗಳಲ್ಲಿ ಬೆಳೆಯುತ್ತದೆ. ಸಂಸ್ಕೃತದಲ್ಲಿ ಕಾಕಮಾಚಿ, ಕನ್ನಡದಲ್ಲಿ ಗಣಿಕೆ, ಹಿಂದಿಯಲ್ಲಿ ಮಕೋಯ್. ಯುನಾನಿ ಹಕೀಮರು ಅದನ್ನು ‘ಇನಬುಸ್ಸಾಲಬ್’, ಎಂದರೆ ನರಿದ್ರಾಕ್ಷಿ, ಎಂದು ಕರೆದು, ಶತಮಾನಗಳಿಂದ ಬಾವು ಇಳಿಸಲು ಬಳಸುತ್ತ ಬಂದಿದ್ದಾರೆ. ಲಾಹೋರಿನ ಅತ್ತಾರರಲ್ಲಿ ಅದಿಲ್ಲದ ಅಂಗಡಿ ಇದ್ದಿರಲಾರದು. ಹೋಮಿಯೋಪತಿಯ ಡಲ್ಕಮಾರಕ್ಕೂ ಹಕೀಮರ ಮಕೋಯ್‌ಗೂ ಪ್ರಮಾಣದಲ್ಲಿ, ಸಿದ್ಧಾಂತದಲ್ಲಿ ಅಜಗಜಾಂತರವಿದೆ, ನಿಜ. ಆದರೂ, ಬಾತ ಕಾಲಿನ ರೋಗಿಗೆ ಈ ಕುಲದ ಗಿಡವೊಂದನ್ನು ಪರದೇಶಿಯೊಬ್ಬನು ಸೂಚಿಸಿದಾಗ ಅಜೀಜುದ್ದೀನನಂಥವರಿಗೆ ಅದು ಆಕಾಶದಿಂದ ಉದುರಿದ ಹೊಸತೆಂದು ತೋರಿರಲಾರದು. ತಮ್ಮದೇ ಔಷಧದ ದೂರದ ದಾಯಾದಿಯೆಂದು ತೋರಿದ್ದೀತು. ಇದು ನಮ್ಮ ಊಹೆ, ಸಿದ್ಧಾಂತವಲ್ಲ. ಆದರೆ ರಾಜಸಭೆಯಲ್ಲಿ ಹೊಸಬನ ಔಷಧಕ್ಕೆ ಒಪ್ಪಿಗೆ ದೊರೆತುದಕ್ಕೆ ಕಾರಣವನ್ನು ಹುಡುಕುವವರು ಪ್ಯಾರಿಸ್ಸಿನಲ್ಲಿ ಮಾತ್ರ ಹುಡುಕಿದರೆ ಸಾಲದು, ಲಾಹೋರಿನ ಬಜಾರಿನಲ್ಲಿಯೂ ಹುಡುಕಬೇಕು.

ಪ್ಯಾರಿಸ್ಸಿನ ಮಾತು ಬಂದುದರಿಂದ, ಹೋನಿಗ್‌ಬರ್ಗರನ ವೈದ್ಯಬುದ್ಧಿಯ ಮಿತಿ ಎಲ್ಲಿದೆಯೆಂಬುದನ್ನೂ ಅಲ್ಲಿಯೇ ತೋರಿಸಬಹುದು. ಹೋಮಿಯೋಪತಿಯ ಪ್ರವರ್ತಕನಾದ ಹಾನೆಮಾನನು ಜರ್ಮನಿಯನ್ನು ಬಿಟ್ಟು ಪ್ಯಾರಿಸ್ಸಿಗೆ ಬಂದುದು ೧೮೩೫ರಲ್ಲಿ. ಯೂರೋಪಿಗೆ ಹಿಂದಿರುಗಿದ್ದ ನಮ್ಮ ಗ್ರಂಥಕರ್ತನು ಆತನನ್ನು ಅಲ್ಲಿಯೇ ಕಂಡು, ಸೂಕ್ಷ್ಮಪ್ರಮಾಣದ ಔಷಧಗಳನ್ನು ಸಂಪಾದಿಸಿದನು. ಅದೇ ೧೮೩೫ರಲ್ಲಿ, ಅದೇ ಪ್ಯಾರಿಸ್ಸಿನಲ್ಲಿ, ಪಿಯೆರ್ ಲೂಯಿ ಎಂಬ ವೈದ್ಯನು ರಕ್ತಮೋಕ್ಷಣವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಅವನ ವಿಧಾನ ಬಹು ಸರಳ. ಇಷ್ಟು ರೋಗಿಗಳಿಗೆ ಬೇಗ ರಕ್ತ ತೆಗೆಯಲಾಯಿತು, ಇಷ್ಟು ಜನಕ್ಕೆ ತಡವಾಗಿ; ಇವರಲ್ಲಿ ಸತ್ತವರೆಷ್ಟು, ಅವರಲ್ಲಿ ಸತ್ತವರೆಷ್ಟು ಎಂದು ಎಣಿಸಿ ಹೋಲಿಸುವುದು. ಆಧುನಿಕ ಚಿಕಿತ್ಸಾಪರೀಕ್ಷೆಯ ಬೀಜ ಅಲ್ಲಿದೆ. ಒಂದೇ ನಗರದಲ್ಲಿ, ಒಂದೇ ವರ್ಷದಲ್ಲಿ ಇಬ್ಬರು ಗುರುಗಳಿದ್ದರು. ಹೋನಿಗ್‌ಬರ್ಗರನು ಮೊದಲನೆಯವನ ಬಾಗಿಲನ್ನು ತಟ್ಟಿದನು. ಆ ಕಾಲದಲ್ಲಿ ರೋಗಿಯ ಮೈಯಿಂದ ಬೊಗಸೆಗಟ್ಟಲೆ ರಕ್ತ ಸುರಿಸುವ, ಪಾದರಸವನ್ನು ತಿನ್ನಿಸುವ ಚಿಕಿತ್ಸೆಗಳೆದುರಿಗೆ ಹಾನೆಮಾನನ ಔಷಧ ಕನಿಷ್ಠಪಕ್ಷ ಕೆಡುಕನ್ನು ಮಾಡುತ್ತಿರಲಿಲ್ಲ. ಆದಕಾರಣ ಆತನ ಆಯ್ಕೆಯನ್ನು ನಾವು ಹಳಿಯಲಾರೆವು. ಅದರ ಫಲ ಮಾತ್ರ ದ್ರವ್ಯಗುಣಸಂಗ್ರಹದ ಉದ್ದಕ್ಕೂ ಕಾಣುತ್ತದೆ. ಔಷಧವುಂಟು, ಅದು ಉಪಶಮಗೊಳಿಸಿದ ಬಾಧೆಗಳುಂಟು. ಎಷ್ಟು ಜನಕ್ಕೆ ಕೊಟ್ಟಾಗ ಎಷ್ಟು ಜನಕ್ಕೆ ಫಲಿಸಲಿಲ್ಲವೆಂದು ಲೂಯಿ ಕೇಳುತ್ತಿದ್ದ ಪ್ರಶ್ನೆಗೆ ಅಲ್ಲಿ ಉತ್ತರ ಹುಡುಕಿದವರಿಗೆ ನಿರಾಶೆಯಾಗುತ್ತದೆ.

ಹಾಗೆಂದು ಈತನು ಹಾನೆಮಾನನ ಅಂಧಾನುಯಾಯಿಯೂ ಅಲ್ಲ. ಹಳೆಯ ಚಿಕಿತ್ಸೆಯ ದೊಡ್ಡ ಪ್ರಮಾಣವನ್ನೂ ಹೋಮಿಯೋಪತಿಯ ಅತಿಸೂಕ್ಷ್ಮತೆಯನ್ನೂ ಬಿಟ್ಟು, ನಡುವಿನ ದಾರಿಯೊಂದನ್ನು ತನ್ನದೆಂದು ಹೇಳಿಕೊಂಡನು. ಈ ನಡುದಾರಿ ಪ್ಯಾರಿಸ್ಸಿನಲ್ಲಾಗಲಿ ವಿಯನ್ನದಲ್ಲಾಗಲಿ ಹುಟ್ಟುವಂಥದಲ್ಲವೆಂದು ನಮ್ಮ ಅಭಿಪ್ರಾಯ. ಅದು ಹಕೀಮರ ನೆರೆಯಲ್ಲಿ, ಅವರ ಮೂಲಿಕೆಗಳನ್ನೇ ಕೈಯಲ್ಲಿ ಹಿಡಿದು, ಯೂರೋಪಿನಿಂದ ತಂದ ಬಾಟಲಿಗಳು ಬರಿದಾದಾಗ ಏನು ಮಾಡಬೇಕೆಂದು ಯೋಚಿಸುವ ವೈದ್ಯನಿಗೆ ಹೊಳೆಯುವಂಥದು.

ಗ್ರಂಥಕರ್ತನ ಸಾಕ್ಷ್ಯದ ಬೆಲೆ ಎಲ್ಲೆಡೆಯಲ್ಲಿಯೂ ಒಂದೇ ಅಲ್ಲ. ೧೮೩೭ರಲ್ಲಿ ಸಾಧು ಹರಿದಾಸನೆಂಬವನು ಲಾಹೋರಿನಲ್ಲಿ ನೆಲದಡಿ ಹೂಳಿಸಿಕೊಂಡು ಅನೇಕ ದಿನಗಳ ಮೇಲೆ ಜೀವಂತನಾಗಿ ಎದ್ದ ಕಥೆ ಈ ಪುಸ್ತಕದಿಂದ ಬಹಳ ಪ್ರಚಾರ ಪಡೆಯಿತು. ಆದರೆ ಆ ವರ್ಷ ಹೋನಿಗ್‌ಬರ್ಗರನು ಲಾಹೋರಿನಲ್ಲಿ ಇರಲೇ ಇಲ್ಲ. ವೆಂಚುರಾನ ಬಾಯಿಂದ ಕೇಳಿದುದನ್ನು ಬರೆದಿದ್ದಾನೆ. ಅದನ್ನು ವೈದ್ಯನೊಬ್ಬನ ಪ್ರತ್ಯಕ್ಷ ಪರೀಕ್ಷೆಯೆಂಬಂತೆ ಎತ್ತಿ ಹೇಳುವವರು ಇಂದಿಗೂ ಇದ್ದಾರೆ. ಇದಕ್ಕೆ ಪ್ರತಿಯಾಗಿ, ತಾನು ನಿಂತು ನೋಡಿದುದನ್ನು ಹೇಳುವಾಗ ಈತನ ಬರವಣಿಗೆಯ ಬಗೆಯೇ ಬೇರೆ. ರಣಜಿತ್ ಸಿಂಗನ ಚಿತೆಯನ್ನು ನಾಲ್ವರು ರಾಣಿಯರೂ ಏಳು ಜನ ದಾಸಿಯರೂ ಏರಿದುದನ್ನು ಈತನು ಕಣ್ಣಾರೆ ಕಂಡನು. ೧೮೪೦ರ ನವೆಂಬರಿನಲ್ಲಿ, ತಂದೆಯ ದಹನಕ್ರಿಯೆ ಮುಗಿಸಿ ಬರುತ್ತಿದ್ದ ರಾಜಕುಮಾರ ನೌನಿಹಾಲ್ ಸಿಂಗನ ಮೇಲೆ ಹೆಬ್ಬಾಗಿಲು ಕುಸಿದಾಗ, ತಲೆಯೊಡೆದು ಮಲಗಿದ್ದ ಆ ಯುವಕನ ಬಳಿಗೆ ಕರೆಸಲ್ಪಟ್ಟ ವೈದ್ಯನೂ ಈತನೇ. ಆ ಮರಣ ಆಕಸ್ಮಿಕವೇ ಕೊಲೆಯೇ ಎಂದು ಚರಿತ್ರಕಾರರು ಇನ್ನೂ ವಾದಿಸುತ್ತಿದ್ದಾರೆ. ವಾದಿಸುವವರೆಲ್ಲರೂ ಈತನ ಪುಟಗಳಿಗೆ ಹಿಂದಿರುಗಬೇಕಾಗಿದೆ. ಇಂಥ ಸಂದರ್ಭಗಳಲ್ಲಿ ವೈದ್ಯನಿಗೆ ಮಾಡಲು ಕೆಲಸವೇನೂ ಉಳಿದಿಲ್ಲ, ನೋಡುವುದಷ್ಟೇ ಉಳಿದಿದೆ. ಆಗ ಈತನು ಚೆನ್ನಾಗಿ ನೋಡುತ್ತಾನೆ. ತನ್ನ ಕೈಗುಣವನ್ನು ವರ್ಣಿಸುವಾಗ ಇಲ್ಲದ ನಿಷ್ಠುರತೆ ಅಲ್ಲಿ ಬರುತ್ತದೆ.

ಹಾಗಾದರೆ ಲಾಹೋರಿನ ವೈದ್ಯೋಪಚಾರದ ಮೇಲೆ ಈತನ ಪ್ರಭಾವವೆಂಬುದು ಏನೂ ಇಲ್ಲವೆ? ಇದೆ, ಅದನ್ನು ಅರಮನೆಯಲ್ಲಿ ಹುಡುಕಬಾರದು. ೧೮೪೦ರ ದಶಕದಲ್ಲಿ ನಗರದ ಬುದ್ಧಿಭ್ರಮಣೆಯ ರೋಗಿಗಳನ್ನು ಇರಿಸಿದ ಆಶ್ರಯವೊಂದನ್ನು ನೋಡಿಕೊಳ್ಳುವ ಹೊಣೆ ಈತನಿಗೆ ಬಂದಿತು. ಲಾಹೋರಿನ ಮಾನಸಿಕ ಚಿಕಿತ್ಸಾಲಯದ ಪೂರ್ವೇತಿಹಾಸವನ್ನು ಬರೆಯುವವರು ಈತನ ಹೆಸರಿನಿಂದಲೇ ಆರಂಭಿಸುತ್ತಾರೆ. ರಾಜನ ನಾಡಿಯನ್ನು ಹಿಡಿಯಲು ಹಕೀಮರೂ ಸರ್ಜನರೂ ಸಾಲುಗಟ್ಟಿ ನಿಂತಿದ್ದರು. ಹುಚ್ಚರ ನಾಡಿಯನ್ನು ಹಿಡಿಯಲು ಯಾರೂ ಸ್ಪರ್ಧಿಸಲಿಲ್ಲ. ಹೊರನಾಡಿನಿಂದ ಬಂದವನಿಗೆ ನಗರವು ಕೊಡುವ ಕೆಲಸ ಬಹುಮಟ್ಟಿಗೆ ಹೀಗೆಯೇ ಇರುತ್ತದೆ: ಊರಿನವರು ಬೇಡವೆಂದು ಬಿಟ್ಟುದು ಅವನ ಪಾಲಿಗೆ ಬರುತ್ತದೆ. ಹೋನಿಗ್‌ಬರ್ಗರನು ಅದನ್ನು ತನ್ನ ಕೀರ್ತಿಯ ಮುಖ್ಯ ಭಾಗವೆಂದು ಎಣಿಸಲಿಲ್ಲ. ಅವನನ್ನು ಹೊಗಳುವವರೂ ಎಣಿಸಲಿಲ್ಲ. ನಾವು ಎಣಿಸಬೇಕೆಂದು ನಮ್ಮ ಆಗ್ರಹ.

ಆ ಪ್ರಭಾವವಾದರೂ ನೆಲದಲ್ಲಿ ಬೇರು ಬಿಡಲಿಲ್ಲವೆಂಬುದನ್ನು ಮರೆಮಾಚಲಾಗದು. ಪಂಜಾಬ್ ಇಂಗ್ಲಿಷರ ವಶವಾದ ಮೇಲೆ ೧೮೬೦ರಲ್ಲಿ ಲಾಹೋರಿನ ವೈದ್ಯಶಾಲೆ ಆರಂಭವಾಯಿತು. ಅದೇ ಮುಂದೆ ಕಿಂಗ್ ಎಡ್ವರ್ಡ್ ಹೆಸರಿನ ಕಾಲೇಜಾಯಿತು. ೧೮೭೧ರಲ್ಲಿ ಮೇಯೋ ಆಸ್ಪತ್ರೆ ತೆರೆಯಿತು. ಇವುಗಳ ಬುನಾದಿಯಲ್ಲಿ ಹೋನಿಗ್‌ಬರ್ಗರನ ಕಲ್ಲು ಒಂದೂ ಇಲ್ಲ. ಈತನ ಶಿಷ್ಯಪರಂಪರೆ ಲಾಹೋರಿನಲ್ಲಿ ಬೆಳೆಯಲಿಲ್ಲ. ಹೋಮಿಯೋಪತಿ ಈ ದೇಶದಲ್ಲಿ ನಿಜವಾಗಿ ಕುಡಿಯೊಡೆದುದು ಇನ್ನೊಂದು ನದಿಯ ದಡದಲ್ಲಿ, ಹೂಗ್ಲಿ ತೀರದ ಕಲ್ಕತ್ತೆಯಲ್ಲಿ. ಅಲ್ಲಿ ಅದನ್ನು ನೆಲೆಗೊಳಿಸಿದವರು ರಾಜೇಂದ್ರಲಾಲ್ ದತ್ತ ಮತ್ತು ಮಹೇಂದ್ರಲಾಲ್ ಸರ್ಕಾರ್. ಅಲೋಪತಿಯಲ್ಲಿ ಎಂ.ಡಿ. ಪಡೆದಿದ್ದ ಸರ್ಕಾರರು ೧೮೬೭ರಲ್ಲಿ ವೈದ್ಯರ ಸಭೆಯಲ್ಲಿಯೇ ತಮ್ಮ ಮತಾಂತರವನ್ನು ಸಾರಿ ಬಹಿಷ್ಕಾರವನ್ನು ಅನುಭವಿಸಿದರು. ಇಬ್ಬರೂ ಆ ಊರಿನವರೇ. ಹೋನಿಗ್‌ಬರ್ಗರನೂ ತನ್ನ ಕೊನೆಗಾಲದ ಪ್ರಯಾಣಗಳಲ್ಲಿ ಕಲ್ಕತ್ತೆಯಲ್ಲಿದ್ದು, ಕ್ವಾಸಿಯ ಮರದ ಕಹಿಸತ್ತ್ವವನ್ನು ಚರ್ಮದೊಳಕ್ಕೆ ಸೇರಿಸಿ ಕಾಲರವನ್ನು ತಡೆಯಬಹುದೆಂದು ವಾದಿಸಿದನು. ವಾದ ತಪ್ಪಾಗಿತ್ತು. ಕಾಲರದ ಸೂಕ್ಷ್ಮಜೀವಿಯನ್ನು ೧೮೮೪ರಲ್ಲಿ ಅದೇ ಕಲ್ಕತ್ತೆಯ ಕೆರೆನೀರಿನಲ್ಲಿ ಗುರುತಿಸಿದವನು ರಾಬರ್ಟ್ ಕೋಖ್. ನೀರನ್ನು ನೋಡಬೇಕಾಗಿದ್ದ ಕಡೆ ನಮ್ಮ ಗ್ರಂಥಕರ್ತನು ಮೂಲಿಕೆಯನ್ನು ನೋಡುತ್ತಿದ್ದನು. ಎರಡು ನದೀನಗರಗಳಲ್ಲಿ ಬಾಳಿದ ವೈದ್ಯನ ವಿಷಯದಲ್ಲಿ ಇದನ್ನು ಹೇಳಬೇಕಾಗಿ ಬಂದುದು ವಿಷಾದಕರ.

ಕನ್ನಡ ವಾಚಕರಿಗೆ ಇಲ್ಲಿ ಮಂಗಳೂರಿನ ನೆನಪಾಗದಿರದು. ನೇತ್ರಾವತಿ, ಗುರುಪುರ ನದಿಗಳ ನಡುವಣ ಆ ನಗರಕ್ಕೆ ಜರ್ಮನಿಯ ಫಾದರ್ ಅಗಸ್ಟಸ್ ಮುಲ್ಲರರು ೧೮೭೮ರ ಕೊನೆಯಲ್ಲಿ ಬಂದರು. ಅವರು ಯೇಸುಸಭೆಯ ಪಾದ್ರಿ. ಪದವಿ ಪಡೆದ ವೈದ್ಯರಲ್ಲ. ಕಂಕನಾಡಿಯಲ್ಲಿ ೧೮೮೦ರಲ್ಲಿ ಬಡವರಿಗಾಗಿ ಹೋಮಿಯೋಪತಿಯ ಔಷಧಶಾಲೆಯನ್ನು ತೆರೆದರು; ೧೮೯೦ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು; ೧೯೦೨ರಲ್ಲಿ, ಪ್ಲೇಗು ಹಬ್ಬಿದ್ದ ಕಾಲದಲ್ಲಿ, ಪ್ಲೇಗಿನ ಆಸ್ಪತ್ರೆಯನ್ನು ಮಾಡಿದರು; ೧೯೧೦ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆಯೂ ವೈದ್ಯಕೀಯ ಕಾಲೇಜುಗಳೂ ಇಂದಿಗೂ ನಡೆಯುತ್ತಿವೆ, ಅವುಗಳಲ್ಲಿ ಹೋಮಿಯೋಪತಿಯದಕ್ಕಿಂತ ಅಲೋಪತಿಯದು ದೊಡ್ಡದಾಗಿ ಬೆಳೆದಿದೆ. ಔಷಧ ಒಂದೇ ಬಗೆಯದು, ಬಂದ ದಿಕ್ಕು ಒಂದೇ; ಆದರೂ ಲಾಹೋರಿನಲ್ಲಿ ಆಗದುದು ಮಂಗಳೂರಿನಲ್ಲಿ ಏಕಾಯಿತು? ಗುಳಿಗೆಯ ಸಾಮರ್ಥ್ಯದಿಂದಲ್ಲ ಎಂಬುದು ಸ್ಪಷ್ಟ. ಮುಲ್ಲರರು ರಾಜರ ಆಶ್ರಯವನ್ನು ನಂಬಿ ಬಂದವರಲ್ಲ. ಅವರ ಬೆನ್ನಿಗೆ ಒಂದು ಸಂಘವಿತ್ತು, ಮುಂದೆ ಒಂದು ಸಮಾಜವಿತ್ತು, ಅವರು ಬಿಟ್ಟ ಕೆಲಸವನ್ನು ಮರುದಿನ ಎತ್ತಿಕೊಳ್ಳಲು ಜನರಿದ್ದರು. ಹೋನಿಗ್‌ಬರ್ಗರನ ಆಶ್ರಯದಾತರು ನಾಲ್ಕು ವರ್ಷಗಳಲ್ಲಿ ಒಬ್ಬರಾದ ಮೇಲೊಬ್ಬರು ಸತ್ತರು ಅಥವಾ ಕೊಲ್ಲಲ್ಪಟ್ಟರು. ಮುಲ್ಲರರು ಬಂದ ಊರಿನಲ್ಲಿಯೇ ಮಣ್ಣಾದರು. ಈತನು ಮಾತ್ರ ಮತ್ತೆ ಮತ್ತೆ ಮೂಟೆ ಕಟ್ಟಿದವನು.

ಲಾಹೋರಿಗೆ ಈತನು ಕೊಟ್ಟುದು ಇಷ್ಟಾದರೆ, ಲಾಹೋರ್ ಈತನಿಗೆ ಕೊಟ್ಟುದು ಬಹಳ. ಗ್ರಂಥದ ಎರಡನೆಯ ಭಾಗವನ್ನು ನಾವು ಮುಖ್ಯವೆಂದು ಹೇಳುವುದು ಇದಕ್ಕಾಗಿ. ಪ್ರಭಾವವೆಂಬ ಮಾತನ್ನು ನಾವು ಸಾಮಾನ್ಯವಾಗಿ ಇಳಿಜಾರಿನಲ್ಲಿ ಹರಿಯುವ ನೀರಿನಂತೆ ಭಾವಿಸುತ್ತೇವೆ: ಪಶ್ಚಿಮದಿಂದ ಪೂರ್ವಕ್ಕೆ, ವೈದ್ಯನಿಂದ ನಗರಕ್ಕೆ. ದ್ರವ್ಯಗುಣಸಂಗ್ರಹದಲ್ಲಿಯೂ ವೈದ್ಯಕೋಶದಲ್ಲಿಯೂ ಅದು ಎದುರುಮುಖವಾಗಿ ಹರಿದಿದೆ. ಒಂದು ಮೂಲಿಕೆಯ ಹೆಸರು ಅರಬ್ಬಿಯಲ್ಲಿ ಏನು, ಪಾರಸಿಯಲ್ಲಿ ಏನು, ಕಾಶ್ಮೀರಿಯಲ್ಲಿ ಏನು ಎಂಬುದನ್ನು ಕ್ರೋನ್‌ಸ್ಟಾಟಿನ ಔಷಧಶಾಲೆಯಲ್ಲಿ ಕಲಿತವನು ತಾನೇ ಸೃಷ್ಟಿಸಿಕೊಳ್ಳಲಾರನು. ಅತ್ತಾರನ ಮುಂದೆ ಕುಳಿತು, ಬೇರನ್ನು ಕೈಯಲ್ಲಿ ಹಿಡಿದು, ಕೇಳಿ, ಕೇಳಿದುದನ್ನು ಇನ್ನೊಬ್ಬನಲ್ಲಿ ಸರಿನೋಡಿ ಬರೆದುಕೊಂಡಾಗ ಮಾತ್ರ ಇಂಥ ಕೋಶ ಹುಟ್ಟುತ್ತದೆ. ಹೀಗೆ ಹೇಳಿಕೊಟ್ಟವರ ಕಾಣಿಕೆ ಮುಖಪುಟದಲ್ಲಿ ಇಲ್ಲ. ಇದು ಈ ಗ್ರಂಥದ ಮೇಲೆ ನಾವು ಹೊರಿಸುವ ಮುಖ್ಯವಾದ ದೋಷ. ಪ್ರಯಾಣದಲ್ಲಿ ಈತನು ಕೂಡಿಸಿದ ಗಿಡಗಳನ್ನು ವಿಯನ್ನದ ಎಂಡ್‌ಲಿಷರ್ ಮತ್ತು ಫೆಂಟ್ಸ್‌ಲ್ ಎಂಬ ಸಸ್ಯಶಾಸ್ತ್ರಜ್ಞರು ೧೮೩೬ರಲ್ಲಿ ‘ಸೆರ್ಟುಮ್ ಕಾಬುಲಿಕುಮ್’ ಎಂಬ ಪುಸ್ತಕದಲ್ಲಿ ವರ್ಣಿಸಿದಾಗ ಸಂಗ್ರಹಕಾರನ ಹೆಸರನ್ನು ಮುಖಪುಟದಲ್ಲಿಯೇ ಅಚ್ಚುಮಾಡಿ ಗೌರವಿಸಿದರು. ತನಗೆ ಸಂದ ಆ ಮರ್ಯಾದೆಯನ್ನು ಈತನು ತನ್ನ ಹಕೀಮರಿಗೂ ಅತ್ತಾರರಿಗೂ ಸಲ್ಲಿಸಬಹುದಾಗಿತ್ತು.

ಕನ್ನಡದಲ್ಲಿ ವೈದ್ಯವಾಙ್ಮಯವನ್ನು ಓದಿದವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿ ಬರೆದಾಗ ಅವನ ಮುಂದೆ ಇದ್ದುದೂ ಇದೇ ಬಗೆಯ ಕಷ್ಟ: ಶಾಸ್ತ್ರದ ಹೆಸರೊಂದು, ಊರಿನ ಹೆಸರೊಂದು, ಇವೆರಡೂ ಒಂದೇ ಗಿಡವೆಂದು ಗೊತ್ತುಮಾಡದಿದ್ದರೆ ಔಷಧವೇ ವಿಷವಾಗುತ್ತದೆ. ನಿಘಂಟುಕಾರನ ತಪ್ಪಿಗೆ ರೋಗಿ ಪ್ರಾಣವನ್ನು ತೆರುವ ಶಾಸ್ತ್ರ ಇದೊಂದೇ ಇರಬೇಕು.

೧೯೪೦ರಲ್ಲಿ ರುಮೇನಿಯದ ಪ್ರಸಿದ್ಧ ವಿದ್ವಾಂಸ ಮಿರ್ಚಾ ಎಲಿಯಾಡೆಯು ‘ಡಾಕ್ಟರ್ ಹೋನಿಗ್‌ಬರ್ಗರನ ರಹಸ್ಯ’ವೆಂಬ ಕಿರುಕಾದಂಬರಿಯನ್ನು ಬರೆದನು. ಅದರಲ್ಲಿ ಈತನ ಜೀವನಚರಿತ್ರೆಗೆ ಸಾಮಗ್ರಿ ಕೂಡಿಸುತ್ತಿದ್ದ ಬುಖಾರೆಸ್ಟಿನ ವೈದ್ಯನೊಬ್ಬನು ಯೋಗಸಾಧನೆಗೆ ತೊಡಗಿ ಅದೃಶ್ಯನಾಗುತ್ತಾನೆ. ಕಾದಂಬರಿಯಾಗಿ ಅದು ಸೊಗಸಾದ ಕೃತಿ. ಆದರೆ ಹುಟ್ಟಿದ ನಾಡಿನವರು ಈತನನ್ನು ಸಿದ್ಧಪುರುಷರ ಗುಟ್ಟನ್ನು ಅರಿತವನೆಂದು ಭಾವಿಸುವುದೂ, ನಮ್ಮವರು ರಾಜನನ್ನು ಗುಣಪಡಿಸಿದವನೆಂದು ಭಾವಿಸುವುದೂ ಒಂದೇ ಬಗೆಯ ಮರೆವು. ಬಜಾರಿನಲ್ಲಿ ಕುಳಿತು ಗಿಡದ ಹೆಸರನ್ನು ಕೇಳುತ್ತಿದ್ದ ಮನುಷ್ಯನು ಇಬ್ಬರ ಕಣ್ಣಿಗೂ ಬೀಳಲಿಲ್ಲ.

ಆ ವೈದ್ಯಕೋಶವನ್ನು ಯುನಾನಿಯನ್ನೂ ಕಾಶ್ಮೀರಿಯನ್ನೂ ಬಲ್ಲವರು ಸಾಲುಸಾಲಾಗಿ ಪರಿಶೋಧಿಸಿ ಮತ್ತೆ ಅಚ್ಚುಮಾಡಬೇಕಾಗಿದೆ. ನಾಲ್ಕು ಯೂರೋಪೀಯ, ಐದು ಪ್ರಾಚ್ಯ, ಒಟ್ಟು ಒಂಬತ್ತು ಭಾಷೆಗಳ ಪಕ್ಕದಲ್ಲಿ ಹತ್ತನೆಯದಾಗಿ ಕನ್ನಡವನ್ನು ಸೇರಿಸುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಕೊಳ್ಳಬಹುದು. ಕಾಶ್ಮೀರದ ಬೆಟ್ಟಗಳಿಂದ ಲಾಹೋರಿಗೆ ಇಳಿಯುತ್ತಿದ್ದ ಕುಠ್ ಎಂಬ ಸುಗಂಧದ ಬೇರು ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಕೋಷ್ಠವೆಂಬ ಹೆಸರಿನಿಂದ ಇಂದಿಗೂ ಮಾರಾಟವಾಗುತ್ತದೆ. ಅದೇ ಹೆಸರನ್ನು ಬೇರೊಂದು ಗಿಡಕ್ಕೂ ಹೇಳುವವರುಂಟು. ಕೆಲಸವನ್ನು ಅಲ್ಲಿಂದ ಆರಂಭಿಸಬಹುದು.